ಯೋಗಿನಿ ಯಾವ ಕೋಣೆಯವಳು?

ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಚೆಸ್ಟರ್ ಬೀಟಿ ಎಂಬ ಗ್ರಂಥಸಂಗ್ರಹಾಲಯವಿದೆ. ಗಣಿ ಉದ್ಯಮದಲ್ಲಿ ಹಣ ಗಳಿಸಿದ ಶ್ರೀಮಂತರೊಬ್ಬರು ಜೀವಮಾನವಿಡೀ ಕೂಡಿಸಿದ ಹಸ್ತಪ್ರತಿ ಮತ್ತು ಚಿತ್ರಗಳ ಭಂಡಾರ ಅದು. ಅಲ್ಲಿನ ಕುರ್‌ಆನ್ ಪ್ರತಿಗಳು ಜಗತ್ತಿನಲ್ಲೇ ಹೆಸರಾದವು. ಅದೇ ಭಂಡಾರದಲ್ಲಿ ನಮ್ಮ ಬಿಜಾಪುರದ ಚಿತ್ರವೊಂದಿದೆ. 17ನೇ ಶತಮಾನದ ಆರಂಭದ್ದು. ಒಬ್ಬ ಯೋಗಿನಿ ನಿಂತಿದ್ದಾಳೆ. ತಲೆಯ ಮೇಲೆ ಜಟೆ, ಮೈಗೆ ಬೂದಿಯ ಬಣ್ಣ. ಆದರೆ ತೊಟ್ಟದ್ದು ಜರಿಯ ನಿಲುವಂಗಿ, ಕೊರಳ ತುಂಬ ಆಭರಣ. ಕೈಯಲ್ಲಿರುವ ಮೈನಾ ಹಕ್ಕಿಯೊಂದಿಗೆ ಏನೋ ಗುಟ್ಟು ಮಾತಾಡುತ್ತಿರುವಂತಿದೆ ಅವಳ ಮುಖ. ಹಿಂದೆ ಗುಡ್ಡ, ಗುಡ್ಡದ ಮೇಲೆ ಅರಮನೆ, ಪಕ್ಕದಲ್ಲಿ ಅವಳೆತ್ತರಕ್ಕೆ ಬೆಳೆದ ಹೂಗಿಡಗಳು. ಸುತ್ತಿನ ಅಂಚಿನಲ್ಲಿ ಪರ್ಷಿಯನ್ ಬರಹ.

ಈ ಚಿತ್ರವನ್ನು ಯಾವ ಕೋಣೆಯಲ್ಲಿ ತೂಗುಹಾಕಬೇಕು? ಯೋಗಿನಿಯಾದ್ದರಿಂದ ಹಿಂದೂ ಕಲೆಯ ಕೋಣೆಯಲ್ಲೇ? ಬರೆಸಿದ ಆಸ್ಥಾನ ಆದಿಲಶಾಹಿಗಳದಾದ್ದರಿಂದ ಇಸ್ಲಾಮಿ ಕಲೆಯ ಕೋಣೆಯಲ್ಲೇ? ಇದು ತಮಾಷೆಯ ಪ್ರಶ್ನೆಯಲ್ಲ. ದಕ್ಷಿಣ ಏಷ್ಯಾ ಮತ್ತು ಹಿಮಾಲಯದ ಕಲೆಯನ್ನು ನೋಡಿಕೊಳ್ಳುವ ಮ್ಯೂಸಿಯಂ ಕ್ಯುರೇಟರ್ ದಿನಬೆಳಗಾದರೆ ಎದುರಿಸುವ ಪ್ರಶ್ನೆ. ಆ ಕೆಲಸವನ್ನು ನಾವು ವಿಮರ್ಶೆಯ ವಸ್ತುವಾಗಿ ನೋಡಿದ್ದು ಕಡಿಮೆ. ಕಾದಂಬರಿಯನ್ನು ವಿಮರ್ಶಿಸುತ್ತೇವೆ, ನಾಟಕವನ್ನು, ಸಿನಿಮಾವನ್ನು ವಿಮರ್ಶಿಸುತ್ತೇವೆ. ನಮ್ಮ ಪೂರ್ವಜರ ಕೈಕೆಲಸವನ್ನು ಹೆಸರಿಟ್ಟು, ವಿಂಗಡಿಸಿ, ಜಗತ್ತಿಗೆ ತೋರಿಸುವವರ ಕೆಲಸವನ್ನು ಮಾತ್ರ ತಜ್ಞರ ಪಾಡಿಗೆ ಬಿಟ್ಟಿದ್ದೇವೆ.

ಕ್ಯುರೇಟರ್ ಎಂದರೆ ವಸ್ತುಗಳ ಕಾವಲುಗಾರ ಎಂದಷ್ಟೇ ತಿಳಿದವರು ನಮ್ಮಲ್ಲಿ ಹೆಚ್ಚು. ಹಾಗೆ ನೋಡಿದರೆ ಕಾವಲು ಅವರ ಕೆಲಸದ ಒಂದು ಭಾಗ ಮಾತ್ರ. ಕಾಗದ, ಬಟ್ಟೆಯ ಮೇಲಿನ ಚಿತ್ರಗಳಿಗೆ ಸಾಮಾನ್ಯವಾಗಿ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳುವಂತಿಲ್ಲ. ಬಿದ್ದರೆ ಬಣ್ಣ ಮಾಸುತ್ತದೆ. ಆದ್ದರಿಂದ ಇಂಥ ಚಿತ್ರಗಳನ್ನು ಕೆಲವು ತಿಂಗಳು ಪ್ರದರ್ಶನಕ್ಕಿಟ್ಟು ಮತ್ತೆ ಕತ್ತಲ ಉಗ್ರಾಣಕ್ಕೆ ಕಳಿಸಬೇಕು. ಅಂದರೆ ಸಂಗ್ರಹದ ಬಹುಪಾಲು ಯಾವಾಗಲೂ ಕಣ್ಣಿಗೆ ಬೀಳದೆ ಇರುತ್ತದೆ. ಯಾವುದು ಹೊರಬರಬೇಕು, ಯಾವುದರ ಪಕ್ಕದಲ್ಲಿ ಯಾವುದು ನಿಲ್ಲಬೇಕು, ಪಕ್ಕದ ಚೀಟಿಯಲ್ಲಿ ಯಾವ ನಾಲ್ಕು ಸಾಲು ಇರಬೇಕು, ಹೊಸದಾಗಿ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬೇಡವೆನ್ನಬೇಕು ಎಂಬುದನ್ನು ತೀರ್ಮಾನಿಸುವುದರಲ್ಲಿ ಕ್ಯುರೇಟರ್ ಮಾತಿಗೆ ತೂಕವಿದೆ. ನೋಡಲು ಬಂದವರಿಗೆ ಆ ನಾಲ್ಕು ಸಾಲೇ ಇತಿಹಾಸ.

ಈ ವೃತ್ತಿಯ ಚರಿತ್ರೆಯನ್ನು ಆನಂದ ಕುಮಾರಸ್ವಾಮಿಯವರಿಂದ ಆರಂಭಿಸುವುದು ರೂಢಿ. 1877ರಲ್ಲಿ ಕೊಲಂಬೊದಲ್ಲಿ ಹುಟ್ಟಿದ ಅವರ ತಂದೆ ತಮಿಳರು, ತಾಯಿ ಇಂಗ್ಲಿಷರು. 1917ರಲ್ಲಿ ಬೋಸ್ಟನ್ನಿನ ಕಲಾ ಮ್ಯೂಸಿಯಂ ಸೇರಿ, 1947ರಲ್ಲಿ ಸಾಯುವತನಕ ಅಲ್ಲೇ ದುಡಿದರು. ಅವರ ದೊಡ್ಡತನ ತಿಳಿಯಬೇಕಾದರೆ ಆ ಕಾಲ ನೆನಪಿರಬೇಕು. 1910ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಜಾರ್ಜ್ ಬರ್ಡ್‌ವುಡ್ ಎಂಬ ಬ್ರಿಟಿಷ್ ಅಧಿಕಾರಿ, ಭಾರತದಲ್ಲಿ ಲಲಿತಕಲೆಯೇ ಇಲ್ಲವೆಂದು ವಾದಿಸುತ್ತ ಧ್ಯಾನಸ್ಥ ಬುದ್ಧನ ವಿಗ್ರಹವನ್ನು ಕೊಬ್ಬು ಹಾಕಿ ಬೇಯಿಸಿದ ಕಡುಬಿಗೆ ಹೋಲಿಸಿದ್ದ. ಇಂಥ ತಿರಸ್ಕಾರದ ಎದುರು ನಿಂತು ಭಾರತೀಯ ಶಿಲ್ಪ, ಚಿತ್ರಗಳಿಗೆ ಅವುಗಳದೇ ತತ್ವವಿದೆ ಎಂದು ವಾದಿಸಿ ಗೆದ್ದವರು ಕುಮಾರಸ್ವಾಮಿ. ಈ ವಸ್ತುಗಳು ಮ್ಯೂಸಿಯಮ್ಮಿನಲ್ಲಿ ಇಡುವುದಕ್ಕೆಂದು ಮಾಡಿದವಲ್ಲ, ಬಳಕೆಗೆಂದು ಮಾಡಿದವು ಎಂದು ಮ್ಯೂಸಿಯಂ ನೌಕರಿಯಲ್ಲಿದ್ದುಕೊಂಡೇ ಹೇಳುವ ಧೈರ್ಯ ಅವರಿಗಿತ್ತು.

ಇಷ್ಟು ಕೃತಜ್ಞತೆ ಸಲ್ಲಿಸಿದ ಮೇಲೆ ಒಂದು ತಕರಾರನ್ನೂ ಹೇಳಬೇಕು. 1916ರಲ್ಲಿ ಅವರು ರಜಪೂತ ಚಿತ್ರಕಲೆಯ ಮೇಲೆ ಎರಡು ಸಂಪುಟಗಳ ಪುಸ್ತಕ ತಂದರು. ಅಲ್ಲಿಯತನಕ ಮೊಗಲ್ ಚಿತ್ರಗಳೊಡನೆ ಬೆರೆತುಹೋಗಿದ್ದ ರಜಪೂತ, ಪಹಾಡಿ ಚಿತ್ರಗಳನ್ನು ಬೇರ್ಪಡಿಸಿ ತೋರಿಸಿದ್ದು ಆ ಪುಸ್ತಕದ ಸಾಧನೆ. ಆದರೆ ಬೇರ್ಪಡಿಸಿದ ಬಗೆ ಹೇಗಿತ್ತು? ಮೊಗಲ್ ಚಿತ್ರ ಆಸ್ಥಾನದ್ದು, ಲೌಕಿಕದ್ದು, ವ್ಯಕ್ತಿಚಿತ್ರದ್ದು. ರಜಪೂತ ಚಿತ್ರ ಜನಪದದ್ದು, ಭಕ್ತಿಯದ್ದು, ಹಿಂದೂ ಮನಸ್ಸಿನದ್ದು. ಹೀಗೆ ಬಣ್ಣದ ಬಟ್ಟಲುಗಳ ನಡುವೆ ಒಂದು ಗೆರೆ ಬಿತ್ತು. ನಂತರದ ಸಂಶೋಧನೆ ಈ ಗೆರೆ ನಿಲ್ಲುವುದಿಲ್ಲವೆಂದು ತೋರಿಸಿದೆ. ಮೇವಾಡದ ರಾಣಾ ಜಗತ್‌ಸಿಂಗನಿಗಾಗಿ 1628ರಲ್ಲಿ ರಾಗಮಾಲಾ ಚಿತ್ರಗಳನ್ನು ಬರೆದವನ ಹೆಸರು ಸಾಹಿಬ್‌ದೀನ್. 17ನೇ ಶತಮಾನದ ನಡುಭಾಗದಲ್ಲಿ ಸಿದ್ಧವಾದ ಮೇವಾಡದ ಪ್ರಸಿದ್ಧ ಸಚಿತ್ರ ರಾಮಾಯಣದಲ್ಲಿ ಯುದ್ಧಕಾಂಡದ ಕುಂಚವೂ ಅವನದೇ. ಬಿಕಾನೇರಿನ ಆಸ್ಥಾನದಲ್ಲಿ ಕೃಷ್ಣನನ್ನೂ ರಾಧೆಯನ್ನೂ ಬರೆದವರಲ್ಲಿ ಮುಸ್ಲಿಂ ಉಸ್ತಾ ಮನೆತನಗಳ ಚಿತ್ರಗಾರರಿದ್ದರು. ಕುಂಚ ಹಿಡಿದವನ ಹೆಸರು ಒಂದು ಕಡೆ, ಅವನ ಚಿತ್ರದಲ್ಲಿರುವ ದೇವರು ಇನ್ನೊಂದು ಕಡೆ ಇರುವಾಗ 'ಹಿಂದೂ ಮನಸ್ಸು', 'ಮುಸ್ಲಿಂ ಮನಸ್ಸು' ಎಂಬ ವಿಂಗಡಣೆ ಯಾರನ್ನು ಎಲ್ಲಿಡುತ್ತದೆ? ವಸಾಹತುಶಾಹಿಯ ವಿರುದ್ಧ ಹೋರಾಡಿದ ಪಂಡಿತರೇ ವಸಾಹತುಶಾಹಿ ಎಳೆದ ಗೆರೆಯನ್ನು ಮತ್ತಷ್ಟು ಗಾಢವಾಗಿ ತಿದ್ದಿದ್ದು ಇತಿಹಾಸದ ವಿಪರ್ಯಾಸ.

ಕುಮಾರಸ್ವಾಮಿಯವರ ನಂತರ ಹೇಳಬೇಕಾದ ಹೆಸರು ಸ್ಟೆಲ್ಲಾ ಕ್ರಾಮ್ರಿಷ್. ಮೊರಾವಿಯಾದಲ್ಲಿ ಹುಟ್ಟಿ, 1920ರ ದಶಕದ ಆರಂಭದಲ್ಲಿ ಶಾಂತಿನಿಕೇತನಕ್ಕೆ ಬಂದು, ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪಾಠ ಹೇಳಿದ ಈ ವಿದುಷಿ 1954ರಿಂದ 1972ರವರೆಗೆ ಫಿಲಡೆಲ್ಫಿಯಾ ಮ್ಯೂಸಿಯಮ್ಮಿನ ಕ್ಯುರೇಟರ್ ಆಗಿದ್ದರು. ಹಿಂದೂ ದೇವಾಲಯದ ಮೇಲಿನ ಅವರ ಗ್ರಂಥ ಎಲ್ಲರಿಗೂ ಗೊತ್ತು. ನಮಗೆ ಅದಕ್ಕಿಂತ ಮುಖ್ಯವೆನಿಸುವುದು 1968ರಲ್ಲಿ ಅವರು ಏರ್ಪಡಿಸಿದ 'ಅಜ್ಞಾತ ಭಾರತ' ಎಂಬ ಪ್ರದರ್ಶನ. ಬುಡಕಟ್ಟು ಮತ್ತು ಹಳ್ಳಿಗಳ ಆಚರಣೆಯ ವಸ್ತುಗಳಿಗೆ, ಬಂಗಾಳದ ಹೆಂಗಸರು ಹಳೆ ಸೀರೆಗಳನ್ನು ಪದರವಾಗಿಟ್ಟು ಹೊಲಿದ ಕಂಥಾ ಕೌದಿಗಳಿಗೆ ದೊಡ್ಡ ಮ್ಯೂಸಿಯಮ್ಮಿನ ಗೋಡೆಯ ಮೇಲೆ ಜಾಗ ಕೊಟ್ಟವರು ಅವರು. ಕ್ಯುರೇಟರ್ ಮನಸ್ಸು ಮಾಡಿದರೆ ಕಲೆ ಎಂಬ ಪದದ ಅರ್ಥವನ್ನೇ ಹಿಗ್ಗಿಸಬಹುದು ಎಂಬುದಕ್ಕೆ ಇದು ಸಾಕ್ಷಿ.

ಈಗ ಮತ್ತೆ ಕೋಣೆಗಳ ವಿಷಯಕ್ಕೆ ಬರೋಣ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಚೋಳರ ಕಂಚು, ಗಾಂಧಾರದ ಬುದ್ಧ, ನೇಪಾಳದ ತಾರೆ ಏಷ್ಯಾ ಕಲೆಯ ವಿಭಾಗಕ್ಕೆ ಸೇರುತ್ತವೆ. ಮೊಗಲ್ ಮತ್ತು ದಖನಿ ಆಸ್ಥಾನಗಳ ಕಲೆಯನ್ನು ಬಹುಮಟ್ಟಿಗೆ ಇಸ್ಲಾಮಿ ಕಲೆಯ ವಿಭಾಗ ನೋಡಿಕೊಳ್ಳುತ್ತದೆ. 2011ರಲ್ಲಿ ಈ ವಿಭಾಗದ ಕೋಣೆಗಳನ್ನು ಹೊಸದಾಗಿ ತೆರೆದಾಗ ಅವಕ್ಕೆ ಅರಬ್ ನಾಡುಗಳು, ತುರ್ಕಿ, ಇರಾನ್, ಮಧ್ಯ ಏಷ್ಯಾ ಮತ್ತು ಉತ್ತರಕಾಲೀನ ದಕ್ಷಿಣ ಏಷ್ಯಾದ ಕಲೆ ಎಂಬ ಉದ್ದನೆಯ ಹೆಸರಿಟ್ಟರು. ಧರ್ಮದ ಬದಲು ಊರುಗಳ ಹೆಸರು ಹೇಳಿದ ಈ ಪ್ರಯತ್ನವನ್ನು ನಾವು ಸಣ್ಣದೆನ್ನುವುದಿಲ್ಲ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ ಬೇರೆ ದಾರಿ ಹಿಡಿದಿತ್ತು. 1990ರಲ್ಲಿ ಅದು ತೆರೆದ ನೆಹರೂ ಗ್ಯಾಲರಿ 1550ರಿಂದ 1900ರವರೆಗಿನ ಭಾರತದ ಕಲೆಯನ್ನು, ಮೊಗಲರದೋ ರಜಪೂತರದೋ ಎಂದು ನೋಡದೆ ಒಂದೇ ಸೂರಿನಡಿ ತಂದಿತು.

ವಿಭಾಗಗಳೇ ಬೇಡವೆನ್ನುವುದು ಸುಲಭ. ಆದರೆ ಅವಕ್ಕೆ ಕಾರಣಗಳೂ ಇವೆ. ನಸ್ತಾಲಿಖ್ ಲಿಪಿ ಓದಬಲ್ಲವರು ಬೇಕು, ಗ್ರಂಥ ಲಿಪಿ ಓದಬಲ್ಲವರು ಬೇಕು, ಟಿಬೆಟನ್ ಬಲ್ಲವರು ಬೇಕು. ಎಲ್ಲವನ್ನೂ ಬಲ್ಲ ಒಬ್ಬರು ಸಿಗುವುದಿಲ್ಲ. ಇಸ್ಲಾಮಿ ಕಲೆಗೆ ಪ್ರತ್ಯೇಕ ವಿಭಾಗ ಇದ್ದುದರಿಂದಲೇ ಆ ಕಲೆಗೆ ಪ್ರತ್ಯೇಕ ವಿದ್ವಾಂಸರು, ಹಣ, ಗೌರವ ದೊರೆತವು ಎಂಬುದೂ ನಿಜ. ನಮ್ಮ ತಕರಾರು ಬೇರೆ. ಒಬ್ಬ ಶಾಲಾ ಹುಡುಗಿ ಒಂದು ಕೋಣೆಯಲ್ಲಿ ನಟರಾಜನನ್ನು ನೋಡಿ 'ಇದು ಭಾರತ' ಎಂದುಕೊಂಡು, ಬೇರೊಂದು ಮಹಡಿಯಲ್ಲಿ ಬೀದರಿನ ಹುಕ್ಕಾದ ಬುಡವನ್ನು ನೋಡಿ 'ಇದು ಇಸ್ಲಾಂ' ಎಂದುಕೊಂಡು ಹೊರಬಂದರೆ, ಅವಳು ಕಲಿತ ಪಾಠ ಯಾವುದು? ಮುಸ್ಲಿಮರು ಈ ನೆಲಕ್ಕೆ ಹೊರಗಿನವರು ಎಂಬ ಮಾತನ್ನು ಯಾವ ಭಾಷಣಕಾರನೂ ಆಡಬೇಕಿಲ್ಲ. ಕಟ್ಟಡದ ನಕ್ಷೆಯೇ ಆಡಿಬಿಡುತ್ತದೆ. ಹುಕ್ಕಾಕ್ಕೆ ಯಾವ ಧರ್ಮ? ಯುರೋಪಿನ ಚಮಚವನ್ನು ಯಾರೂ ಕ್ರೈಸ್ತ ಚಮಚವೆಂದು ಕರೆಯುವುದಿಲ್ಲ.

ಬಿದರಿಯ ಮಾತು ಬಂದಿದ್ದರಿಂದ ಅದನ್ನಿಷ್ಟು ಹೇಳಬೇಕು. ಸತುವೇ ಹೆಚ್ಚಾಗಿರುವ ಸತು-ತಾಮ್ರದ ಎರಕ, ಅದರ ಮೇಲೆ ಉಳಿಯಿಂದ ಕೊರೆದ ಗೆರೆಗಳು, ಗೆರೆಗಳಲ್ಲಿ ಕೂರಿಸಿದ ಬೆಳ್ಳಿ. ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಹಚ್ಚಿದಾಗ ಲೋಹ ಕಪ್ಪಾಗಿ ಬೆಳ್ಳಿ ಹೊಳೆಯುತ್ತದೆ. ಆ ಮಣ್ಣಿಲ್ಲದೆ ಆ ಕಪ್ಪಿಲ್ಲ ಎನ್ನುತ್ತಾರೆ ಕಸುಬುದಾರರು. ಇದಕ್ಕಿಂತ ನೆಲದ ಕಲೆ ಬೇರೆ ಯಾವುದಿದೆ? 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಸಂತೋಷಪಟ್ಟೆವು. ಆದರೆ ಮ್ಯೂಸಿಯಂಗಳಲ್ಲಿರುವ ಹಳೆಯ ಬಿದರಿ ವಸ್ತುಗಳ ಚೀಟಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಊರು, ಶತಮಾನ, ಲೋಹ, ದಾನಿಯ ಹೆಸರು. ಮಾಡಿದವನ ಹೆಸರು ಉಳಿದಿಲ್ಲ. ಹೆಸರು ಸಿಗದಿದ್ದರೆ ಅದು ಕ್ಯುರೇಟರ್ ತಪ್ಪಲ್ಲ. ಆ ಕಸುಬು ಇಂದಿಗೂ ಅದೇ ಊರಿನ ಗಲ್ಲಿಗಳಲ್ಲಿ ಉಸಿರಾಡುತ್ತಿದೆ ಎಂಬ ಒಂದು ಸಾಲನ್ನು ಸೇರಿಸದಿದ್ದರೆ ಅದು ಖಂಡಿತ ತಪ್ಪು.

ದಖನಿ ಕಲೆಯ ಮಟ್ಟಿಗೆ ಒಂದು ದೊಡ್ಡ ಘಟನೆ 2015ರಲ್ಲಿ ನ್ಯೂಯಾರ್ಕಿನ ಅದೇ ಮ್ಯೂಸಿಯಮ್ಮಿನಲ್ಲಿ ನಡೆಯಿತು. ನವೀನಾ ನಜತ್ ಹೈದರ್ ಮತ್ತು ಮಾರಿಕಾ ಸರ್ದಾರ್ ಎಂಬಿಬ್ಬರು ಕ್ಯುರೇಟರುಗಳು ಬಿಜಾಪುರ, ಗೋಲ್ಕೊಂಡ, ಅಹಮದನಗರ, ಬೀದರಗಳ ಸುಮಾರು 200 ವಸ್ತುಗಳನ್ನು ಹಲವು ದೇಶಗಳಿಂದ ತಂದು ಒಂದೆಡೆ ಸೇರಿಸಿದರು. ಮೊಗಲರ ನೆರಳಲ್ಲಿ ಮರೆತುಹೋಗಿದ್ದ ನಮ್ಮ ಸುಲ್ತಾನರ ನಾಡು ತನ್ನ ಹೆಸರಿನಲ್ಲೇ ಜಗತ್ತಿನ ಮುಂದೆ ನಿಂತಿತು. ಇದಕ್ಕಾಗಿ ಕನ್ನಡಿಗರು ಅವರಿಗೆ ಋಣಿಗಳು. ಪ್ರದರ್ಶನದ ಉಪಶೀರ್ಷಿಕೆ ಮಾತ್ರ ನಮಗೆ ಒಪ್ಪಿಗೆಯಾಗಲಿಲ್ಲ. 'ವೈಭವ ಮತ್ತು ಸ್ವಪ್ನಕಲ್ಪನೆ' ಎಂಬರ್ಥದ ಆ ಮಾತು ದಖನನ್ನು ವಜ್ರ, ಅತ್ತರು, ಕನಸುಗಳ ಲೋಕವಾಗಿಸುತ್ತದೆ.

ನಾವು ಆರಂಭದಲ್ಲಿ ಕಂಡ ಯೋಗಿನಿ ಬರಿಯ ಕನಸಿನ ಹೆಣ್ಣಲ್ಲ. ಎರಡನೇ ಇಬ್ರಾಹೀಂ ಆದಿಲಶಾ (ಆಳ್ವಿಕೆ 1580-1627) ದಖನಿ ಭಾಷೆಯಲ್ಲಿ 'ಕಿತಾಬ್-ಎ-ನೌರಸ್' ಎಂಬ ಗೀತಸಂಗ್ರಹ ರಚಿಸಿದವನು. ಅದರಲ್ಲಿ ಸರಸ್ವತಿ, ಗಣಪತಿಯರ ಸ್ಮರಣೆಯಿದೆ. ಕಲಬುರಗಿಯ ಖ್ವಾಜಾ ಬಂದೇನವಾಜರ ಸ್ಮರಣೆಯೂ ಇದೆ. ತನ್ನ ಆನೆ ಆತಿಶ್ ಖಾನ್, ತನ್ನ ವಾದ್ಯ ಮೋತಿ ಖಾನ್ ಕೂಡ ಇದ್ದಾರೆ. ಅವನ ಚಿತ್ರಗಾರ ಫರ್ರುಖ್ ಹುಸೇನ್ ವೀಣೆ ನುಡಿಸುವ ಸರಸ್ವತಿಯನ್ನು ಬರೆದ. ಜನ ಈ ದೊರೆಯನ್ನು ಜಗದ್ಗುರು ಎಂದರು. ಇಂದಿಗೂ ನಮ್ಮ ಉತ್ತರ ಕರ್ನಾಟಕದ ದರ್ಗಾಗಳಲ್ಲಿ, ಮಠಗಳಲ್ಲಿ, ಮೊಹರಂ ಪದಗಳಲ್ಲಿ ಈ ಬೆರೆತ ಬದುಕಿನ ಗುರುತುಗಳು ಸಿಗುತ್ತವೆ. ಇದನ್ನು ಸ್ವಪ್ನವೆಂದರೆ ಒಬ್ಬ ರಸಿಕ ಸುಲ್ತಾನನ ಶೋಕಿಯಾಗಿ ಮುಗಿದುಹೋಗುತ್ತದೆ. ಬದುಕೆಂದರೆ ಅದಕ್ಕೆ ವಾರಸುದಾರರು ಇರುತ್ತಾರೆ.

ಹಿಮಾಲಯದ ಕೋಣೆಗೆ ಹೋದರೂ ಇದೇ ತೊಡಕು ಬೇರೆ ರೂಪದಲ್ಲಿ ಎದುರಾಗುತ್ತದೆ. 'ಹಿಮಾಲಯ ಕಲೆ' ಎಂಬುದು ಭೂಗೋಳದ ಹೆಸರು. ಒಳಹೊಕ್ಕರೆ ಕಾಣುವುದು ಮುಖ್ಯವಾಗಿ ಬೌದ್ಧರ ಮತ್ತು ನೇಪಾಳದ ಹಿಂದೂಗಳ ಮೂರ್ತಿಗಳು, ತಂಕಾ ಪಟಗಳು. ಹಾಗಾದರೆ ಶ್ರೀನಗರದಲ್ಲಿ ಮರದಿಂದ ಕಟ್ಟಿದ ಶಾ ಹಮದಾನರ ಖಾನ್‌ಖಾ ಯಾವ ಪರ್ವತದ್ದು? ಬಾಲ್ಟಿಸ್ತಾನದ ಖಪಲುವಿನಲ್ಲಿ ಟಿಬೆಟಿನ ಮರಗೆಲಸ ಹೊತ್ತು ನಿಂತ ಚಕ್‌ಚನ್ ಮಸೀದಿ ಯಾವ ಪರ್ವತದ್ದು? ಲ್ಹಾಸಾ ನಗರದಲ್ಲಿ ಶತಮಾನಗಳ ಕಾಲ ವ್ಯಾಪಾರ ಮಾಡಿ, ಟಿಬೆಟನ್ ಮಾತಾಡಿ ಬದುಕಿದ ಕಾಶ್ಮೀರಿ ಮೂಲದ ಮುಸ್ಲಿಮರು ಯಾವ ಕೋಣೆಗೆ ಸೇರುತ್ತಾರೆ? ಲಡಾಖಿನ ಅಲ್ಚಿಯಲ್ಲಿ ಸುಮಾರು 1200ರ ಹೊತ್ತಿನ ಮೂರಂತಸ್ತಿನ ಬೌದ್ಧಾಲಯವಿದೆ. ಅಲ್ಲಿನ ಭಾರಿ ಅವಲೋಕಿತೇಶ್ವರನ ಧೋತರದ ಮೇಲೆ ಕಾಶ್ಮೀರದ ಗುಡಿ, ಅರಮನೆಗಳ ಚಿತ್ರಗಳಿವೆ. ಅದೇ ಆವರಣದ ಇನ್ನೊಂದು ಆಲಯದ ಗೋಡೆಯ ಮೇಲೆ ಪಾನಪಾತ್ರೆ ಹಿಡಿದ ರಾಜ, ರಾಣಿ ಇದ್ದಾರೆ. ರಾಜ ತೊಟ್ಟಿರುವುದು ತೋಳುಪಟ್ಟಿ ಇರುವ ತುರ್ಕಿ ಮಾದರಿಯ ಅಂಗಿ. ಆಗಿನ ಇಸ್ಲಾಮಿ ಆಸ್ಥಾನಗಳಲ್ಲಿ ಗೌರವದ ಉಡುಗೆ ಅದು. ಬೌದ್ಧ ದೊರೆಗೆ ಅದನ್ನು ತೊಡಲು ಯಾವ ಸಂಕೋಚವೂ ಇರಲಿಲ್ಲ. ಎಂಟುನೂರು ವರ್ಷಗಳ ನಂತರ ಚೀಟಿ ಬರೆಯುವ ನಮಗೆ ಸಂಕೋಚ. 2007ರಲ್ಲಿ ಪ್ರತಾಪಾದಿತ್ಯ ಪಾಲ್ ನ್ಯೂಯಾರ್ಕಿನ ಏಷ್ಯಾ ಸೊಸೈಟಿಯಲ್ಲಿ ಕಾಶ್ಮೀರದ ಕಲೆಯ ಪ್ರದರ್ಶನ ಮಾಡಿದಾಗ ಹಿಂದೂ, ಬೌದ್ಧ, ಇಸ್ಲಾಮಿ ವಸ್ತುಗಳನ್ನು ಒಂದೇ ಕಣಿವೆಯ ಮಕ್ಕಳಂತೆ ಒಟ್ಟಿಗೆ ಇಟ್ಟಿದ್ದರು. ಅದು ಸಾಧ್ಯ ಎಂಬುದಕ್ಕೆ ಅಷ್ಟು ಸಾಕು.

ಇನ್ನೊಂದು ಸೂಕ್ಷ್ಮವಿದೆ. ತಂಕಾ ಪಟದ ಹಿಂಬದಿಯಲ್ಲಿ, ಮೂರ್ತಿಯ ಹಣೆ, ಗಂಟಲು, ಎದೆಗಳಿಗೆ ಸರಿಯಾಗಿ ಮೂರು ಬೀಜಾಕ್ಷರಗಳನ್ನು ಬರೆಯುವ ಪದ್ಧತಿಯಿದೆ. ಅದರಿಂದ ಪಟಕ್ಕೆ ಜೀವ ಬರುತ್ತದೆಂದು ನಂಬಿಕೆ. ಲೋಹದ ವಿಗ್ರಹಗಳ ಒಳಗೆ ಮಂತ್ರದ ಸುರುಳಿ, ಧಾನ್ಯಗಳನ್ನು ತುಂಬಿ ತಳಕ್ಕೆ ಮುದ್ರೆ ಹಾಕುತ್ತಾರೆ. ಮ್ಯೂಸಿಯಮ್ಮಿಗೆ ಬಂದ ಮೇಲೆ ಹಿಂಬದಿ ಗೋಡೆಗೆ ತಿರುಗುತ್ತದೆ. ಒಳಗೇನಿದೆ ನೋಡಲು ಮುದ್ರೆ ಒಡೆಯಬೇಕೇ, ಒಡೆಯದೆ ಕಿರಣ ಹಾಯಿಸಿ ನೋಡಿದರೆ ಸಾಕೇ? ಸಂಶೋಧನೆ ಮತ್ತು ಶ್ರದ್ಧೆಗಳ ನಡುವಿನ ಈ ತೀರ್ಮಾನವನ್ನೂ ಕ್ಯುರೇಟರ್ ತೆಗೆದುಕೊಳ್ಳಬೇಕು. 1960ರ ದಶಕದ ಆರಂಭದಿಂದ ಟಿಬೆಟನ್ನರು ನೆಲೆಸಿರುವ ನಮ್ಮ ಬೈಲುಕುಪ್ಪೆಗೆ ಹೋಗಿ ನೋಡಿದವರಿಗೆ ಪೂಜೆಯಲ್ಲಿರುವ ಪಟಕ್ಕೂ ಪ್ರದರ್ಶನದಲ್ಲಿರುವ ಪಟಕ್ಕೂ ಇರುವ ಅಂತರ ವಿವರಿಸಬೇಕಿಲ್ಲ. ಮನೆಯಲ್ಲಿ ಕುರ್‌ಆನನ್ನು ಎಲ್ಲಕ್ಕಿಂತ ಎತ್ತರದ ಜಾಗದಲ್ಲಿಡುವವರಿಗೂ ವಿವರಿಸಬೇಕಿಲ್ಲ.

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಕಠಿಣವಾದದ್ದು: ಈ ವಸ್ತು ಇಲ್ಲಿಗೆ ಹೇಗೆ ಬಂತು? ನೇಪಾಳದ ಪಾಟನ್‌ನಲ್ಲಿ ಪಾಟ್ಕೊ ಟೋಲ್ ಎಂಬ ಕೇರಿಯ ಗುಡಿಯಿಂದ 1984ರಲ್ಲಿ ಲಕ್ಷ್ಮೀನಾರಾಯಣ ವಿಗ್ರಹ ಕಳುವಾಯಿತು. 1990ರಲ್ಲಿ ಅದು ನ್ಯೂಯಾರ್ಕಿನ ಹರಾಜಿನಲ್ಲಿ ಕಾಣಿಸಿಕೊಂಡಿತು. ಆಮೇಲೆ ಅಮೆರಿಕದ ಡಲ್ಲಾಸ್ ಮ್ಯೂಸಿಯಮ್ಮಿನಲ್ಲಿ ಕಾಲ ಕಳೆಯಿತು. ಕೇರಿಯ ಜನ ನಕಲು ವಿಗ್ರಹಕ್ಕೆ ಪೂಜೆ ಮಾಡುತ್ತ ಬಂದರು. ಕಲಾವಿದ, ವಿದ್ವಾಂಸ ಲೈನ್‌ಸಿಂಗ್ ಬಾಂಗ್ದೆಲ್ ಕಳುವಾದ ಮೂರ್ತಿಗಳ ಚಿತ್ರಸಹಿತ ಪುಸ್ತಕವನ್ನು 1989ರಲ್ಲೇ ಪ್ರಕಟಿಸಿದ್ದರು. ಈ ಕ್ಷೇತ್ರದ ತಜ್ಞರು ಅದನ್ನು ಮುಂದಿಟ್ಟುಕೊಂಡು ತಮ್ಮ ಸಂಗ್ರಹವನ್ನು ಪರಿಶೀಲಿಸಬಹುದಿತ್ತು. ವಿಗ್ರಹ ನೇಪಾಳಕ್ಕೆ ಮರಳಿದ್ದು 2021ರಲ್ಲಿ. ಅದೇ ಡಿಸೆಂಬರಿನಲ್ಲಿ ತನ್ನ ಗುಡಿಯೊಳಗೆ ಮತ್ತೆ ಕುಳಿತಿತು. ತಮಿಳುನಾಡಿನ ಶ್ರೀಪುರಂತಾನ್ ಗುಡಿಯ ನಟರಾಜನನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಸುಮಾರು 50 ಲಕ್ಷ ಡಾಲರಿಗೆ ಕೊಂಡು 2014ರಲ್ಲಿ ಹಿಂದಿರುಗಿಸಬೇಕಾಯಿತು. ಹಿಮಾಲಯ ಕಲೆಗೆಂದೇ 2004ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದ ರೂಬಿನ್ ಮ್ಯೂಸಿಯಂ 2022ರಲ್ಲಿ ಎರಡು ಮರದ ಕೆತ್ತನೆಗಳನ್ನು ನೇಪಾಳಕ್ಕೆ ಮರಳಿಸಲು ಒಪ್ಪಿತು. ಅದರಲ್ಲೊಂದರ ತವರಾದ ಕಾಠ್ಮಂಡುವಿನ ಇಟುಂಬಹಾಲ್ ವಿಹಾರದಲ್ಲೇ ಸ್ಥಳೀಯರು ಮ್ಯೂಸಿಯಂ ಮಾಡಿಕೊಳ್ಳಲು ನೆರವೂ ನೀಡಿತು. 2024ರ ಅಕ್ಟೋಬರಿನಲ್ಲಿ ರೂಬಿನ್ ತನ್ನ ಕಟ್ಟಡದ ಬಾಗಿಲನ್ನೇ ಮುಚ್ಚಿ, ಕಟ್ಟಡವಿಲ್ಲದ ಸಂಸ್ಥೆಯಾಗಿ ಮುಂದುವರಿಯಿತು. ವಸ್ತುವನ್ನು ಹಿಡಿದಿಟ್ಟುಕೊಳ್ಳುವುದೇ ಕ್ಯುರೇಟರ್ ಕೆಲಸ ಎಂಬ ಕಾಲ ಮುಗಿಯುತ್ತ ಬಂದಿದೆ.

ದೇವರುಗಳು ಮನೆಗೆ ಮರಳುವುದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಅದರ ಜೊತೆಗೇ ಒಂದು ಮಾತು ಕೇಳಬೇಕೆನಿಸುತ್ತದೆ. ಬಿಜಾಪುರದ ಆಸಾರ್ ಮಹಲಿನಲ್ಲಿ, ಪ್ರವಾದಿಯವರ(ಸ) ಪವಿತ್ರ ಕೇಶವಿದೆಯೆಂದು ಜನ ಗೌರವಿಸುವ ಆ ಕಟ್ಟಡದಲ್ಲಿ, ಆದಿಲಶಾಹಿಗಳ ಗ್ರಂಥಭಂಡಾರದ ಉಳಿಕೆ ಇತ್ತು. ಅರಬಿ, ಪರ್ಷಿಯನ್ ಹಸ್ತಪ್ರತಿಗಳು. 1853ರಲ್ಲಿ ಬ್ರಿಟಿಷರು ಅವನ್ನು ಲಂಡನ್ನಿಗೆ ಸಾಗಿಸಿದರು; ಇಂದು ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಇಬ್ರಾಹೀಂ ತಂಬೂರ ನುಡಿಸುವ ಚಿತ್ರ ಪ್ರಾಗ್‌ನಲ್ಲಿದೆ, ಡೇಗೆ ಹಿಡಿದು ಕುದುರೆಯೇರಿದ ಚಿತ್ರ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದೆ, ಯೋಗಿನಿ ಡಬ್ಲಿನ್ನಿನಲ್ಲಿದ್ದಾಳೆ. ಇವೆಲ್ಲ ಕಳವಿನ ಮಾಲು ಎಂದು ನಾವು ಹೇಳುತ್ತಿಲ್ಲ. ಉಡುಗೊರೆ, ಲೂಟಿ, ಮಾರಾಟ, ಸರಕಾರಿ ಆಜ್ಞೆ, ಪ್ರತಿಯೊಂದರ ದಾರಿಯೂ ಬೇರೆ. 1984ರ ಕಳ್ಳತನವನ್ನೂ 1853ರ ಸಾಗಾಟವನ್ನೂ ಒಂದೇ ಕಾನೂನಿನಿಂದ ಅಳೆಯಲಾಗದು. ಆದರೆ ದೇವರ ವಿಗ್ರಹ ಮರಳಿದಾಗ ಇಡೀ ದೇಶ ಸಂಭ್ರಮಿಸುವ ನಾವು, ಆಸಾರ್ ಮಹಲಿನ ಪುಸ್ತಕಗಳ ಬಗ್ಗೆ ಒಮ್ಮೆಯಾದರೂ ವಿಚಾರಿಸಿದ್ದೇವೆಯೇ? ಅವುಗಳ ಛಾಯಾಪ್ರತಿಗಳಾದರೂ ವಿಜಯಪುರದ ಮಕ್ಕಳಿಗೆ ಸಿಗಲಿ ಎಂದು ಒತ್ತಾಯಿಸಿದ್ದೇವೆಯೇ? ಈ ಮೌನಕ್ಕೆ ಸರಕಾರ ಮಾತ್ರ ಹೊಣೆಯಲ್ಲ. ಮುಸ್ಲಿಂ ಸಮುದಾಯದ ಓದುಬಲ್ಲವರಾದ ನಾವೂ ಹೊಣೆ. ಕಲೆ ಎಂದರೆ ನಮಗೆ ಸಂಬಂಧವಿಲ್ಲದ ಸಂಗತಿ ಎಂದು ನಮ್ಮವರೇ ಹಲವರು ಕೈಚೆಲ್ಲಿದ್ದಾರೆ. ವಾರಸುದಾರರೇ ಬಾರದಿದ್ದರೆ ಬೇರೆಯವರು ಬರೆದ ಚೀಟಿಯೇ ಅಂತಿಮ.

ಗೋಳಗುಮ್ಮಟದ ಆವರಣದ ನಗಾರಖಾನೆಯಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಗುಮ್ಮಟದ ಪಿಸುಮಾತಿನ ಗ್ಯಾಲರಿಗೆ ಮೆಟ್ಟಿಲು ಹತ್ತುವ ಶಾಲಾ ಮಕ್ಕಳೆಲ್ಲ ಅದರ ಮುಂದೆಯೇ ಹಾದುಹೋಗುತ್ತಾರೆ. ಡಬ್ಲಿನ್ನಿನ ಯೋಗಿನಿಯ ಒಂದು ಒಳ್ಳೆಯ ಪ್ರತಿಯನ್ನು ಅಂಥ ಕಡೆ ತೂಗುಹಾಕಲು ಕೋಟಿ ರೂಪಾಯಿ ಬೇಕಿಲ್ಲ. ಪಕ್ಕದ ಚೀಟಿಯಲ್ಲಿ ಇಷ್ಟಿದ್ದರೆ ಸಾಕು: ಇವಳು ಬಿಜಾಪುರದವಳು. ಇವಳ ಜಟೆ ಜೋಗಿಗಳದು, ಅಂಗಿ ಆಸ್ಥಾನದ್ದು, ಸುತ್ತಲಿನ ಬರಹ ಪರ್ಷಿಯನ್ನರದು. ಸುಮಾರು 400 ವರ್ಷಗಳ ಹಿಂದೆ ಈ ಊರಿನಲ್ಲಿ ಇವಳನ್ನು ಬರೆದರು. ಈಗ ದೂರದ ಊರಿನಲ್ಲಿದ್ದಾಳೆ. ಯಾವ ಕೋಣೆ ಎಂಬ ಪ್ರಶ್ನೆಗೆ ಆ ಮಕ್ಕಳು ತಾವೇ ಉತ್ತರ ಹೇಳಿಯಾರು.